ಗರಿಗಿಂತ ಹುನರ್ ದೊಡ್ಡದು

ಒಂದು ಹವ್ಯಾಸಕ್ಕೆ ಎಷ್ಟು ಖರ್ಚಾಯಿತು ಎಂದು ನಾವು ಲೆಕ್ಕ ಹಾಕುತ್ತೇವೆ. ಅದಕ್ಕಾಗಿ ಇನ್ಯಾರಾದರೂ ಬೆಲೆ ತೆತ್ತರೇ ಎಂದು ಮಾತ್ರ ಕೇಳುವುದಿಲ್ಲ. ‘ಸ್ಪೇ ಫ್ಲೈ’ ಬಗ್ಗೆ ಓದುವಾಗ ಈ ಪ್ರಶ್ನೆ ನನ್ನನ್ನು ಕಾಡಿತು.

ಫ್ಲೈ ಎಂದರೆ ಮೀನನ್ನು ಸೆಳೆಯಲು ಗಾಳದ ಮೇಲೆ ದಾರ, ಉಣ್ಣೆ, ಗರಿಗಳನ್ನು ಸುತ್ತಿ ಮಾಡುವ ಕೃತಕ ಹುಳು. ಸ್ಕಾಟ್ಲೆಂಡಿನ ಸ್ಪೇ ನದಿಯ ದಡದಲ್ಲಿ 19ನೇ ಶತಮಾನದಲ್ಲಿ ಸಾಲ್ಮನ್ ಮೀನಿಗಾಗಿ ಇದರದ್ದೇ ಒಂದು ಶೈಲಿ ಬೆಳೆಯಿತು. ತೆಳ್ಳನೆಯ ಮೈ, ಸುತ್ತಲೂ ಬಕಪಕ್ಷಿಯ ಅಥವಾ ಹುಂಜದ ಉದ್ದ ಗರಿ, ಮೇಲೆ ಚಾವಣಿಯಂತೆ ಬಾಗಿದ ಕಾಡುಬಾತಿನ ಕಂದು ಗರಿಯ ರೆಕ್ಕೆ. ಮುಂದೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಶಾಲಾ ಶಿಕ್ಷಕ ಸಿಡ್ ಗ್ಲಾಸೊ ಈ ಶೈಲಿಯನ್ನು ಸ್ಟೀಲ್‌ಹೆಡ್ ಮೀನಿಗೆ ಒಗ್ಗಿಸಿದರು. ಸ್ಟೀಲ್‌ಹೆಡ್ ಎಂದರೆ ಸಮುದ್ರಕ್ಕೆ ಹೋಗಿ ನದಿಗೆ ಮರಳುವ ರೇನ್‌ಬೋ ಟ್ರೌಟ್. ಗ್ಲಾಸೊ ಕಟ್ಟಿದ ‘ಆರೆಂಜ್ ಹೆರಾನ್’ ಇಂದಿಗೂ ಹೆಸರುವಾಸಿ.

ಇದನ್ನು ಕಲಿಯುವವರಿಗೆ ಮೊದಲ ಪಾಠವೇ ಮಿತ. ದಾರದ ಸುತ್ತು ಹೆಚ್ಚಾದರೆ ತಲೆ ದಪ್ಪವಾಗುತ್ತದೆ, ಉಣ್ಣೆ ಹೆಚ್ಚಾದರೆ ಮೈ ಉಬ್ಬುತ್ತದೆ. ಎರಡು ರೆಕ್ಕೆಗಳು ಒಂದೇ ಅಳತೆಯಲ್ಲಿ ಕೂರದಿದ್ದರೆ ಬಿಚ್ಚಿ ಮತ್ತೆ ಕಟ್ಟಬೇಕು. ಸರಿಯಾಗಿ ಕಟ್ಟಿದರೆ ಹರಿಯುವ ನೀರಿನಲ್ಲಿ ಆ ಗರಿಗಳು ಜೀವವಿದ್ದಂತೆ ಅಲುಗುತ್ತವೆ. ನಮ್ಮ ಮನೆಮಾತು ಉರ್ದುವಿನಲ್ಲಿ ಇಂಥ ಕೈಗುಣಕ್ಕೆ ‘ಹುನರ್’ ಎನ್ನುತ್ತೇವೆ.

ಸಮಸ್ಯೆ ಇರುವುದು ಗರಿಯಲ್ಲಿ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆ ಬಕಪಕ್ಷಿಗೆ ರಕ್ಷಣೆ ಕೊಟ್ಟಿದೆ. ಅದರ ಗರಿಯನ್ನು ಇಟ್ಟುಕೊಳ್ಳುವುದೂ ಅಪರಾಧ. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಗೂ ಈ ಕಥೆಯಲ್ಲಿ ಪಾಲಿದೆ. ಅದರ ಕತ್ತಿನ ಹೊಳೆಯುವ ಚುಕ್ಕೆಗರಿಗೆ ಸಾಲ್ಮನ್ ಫ್ಲೈ ಕಟ್ಟುವವರಲ್ಲಿ ಬಹಳ ಬೇಡಿಕೆಯಿತ್ತು. ಈಗ ಆ ಹಕ್ಕಿಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಯುತ್ತಿದೆ. ಆದರೂ ಆಸೆ ಸುಮ್ಮನಿರುವುದಿಲ್ಲ. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ವಸ್ತುಸಂಗ್ರಹಾಲಯದಿಂದ 299 ಹಕ್ಕಿಗಳ ಚರ್ಮಗಳು ಕಳವಾದವು. ಕದ್ದವನು ಸಾಲ್ಮನ್ ಫ್ಲೈ ಕಟ್ಟುವುದರಲ್ಲಿ ನಿಪುಣನಾಗಿದ್ದ ಒಬ್ಬ ವಿದ್ಯಾರ್ಥಿ!

ಹಳೆಯ ಗರಿಯೇ ಇಲ್ಲದಿದ್ದರೆ ಅದು ಸಂಪ್ರದಾಯ ಹೇಗಾಗುತ್ತದೆ ಎಂದು ಕೆಲವರು ಕೇಳಬಹುದು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಸ್ಪೇ ಶೈಲಿ ಸಾಗರ ದಾಟಿತು, ಬಣ್ಣ ಬದಲಿಸಿತು, ಬೇರೆ ಮೀನನ್ನೇ ಹುಡುಕಿಕೊಂಡಿತು. ಇಷ್ಟೆಲ್ಲ ಬದಲಾದ ಮೇಲೂ ಉಳಿದ ಸಂಪ್ರದಾಯ ಒಂದು ಗರಿ ಬದಲಾದರೆ ಸಾಯುತ್ತದೆಯೇ? ಇಂದು ಬಕದ ಗರಿಯ ಬದಲು ಸಾಕಿದ ಫೆಸೆಂಟ್ ಹಕ್ಕಿಯ ಗರಿ, ಹುಂಜದ ಉದ್ದ ಗರಿ ಬಳಸುತ್ತಾರೆ. ಬೆರಳುಗಳು ಕಲಿಯುವ ಪಾಠ ಮಾತ್ರ ಅದೇ.

ಜಮಾ ಮತ್ತು ಖರ್ಚು ಎರಡನ್ನೂ ಬರೆದರೆ ಮಾತ್ರ ಲೆಕ್ಕ ಸರಿಯಾಗುತ್ತದೆ ಎಂದು ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಕಲಿಯುತ್ತೇವೆ. ಅಂದವನ್ನು ಒಂದು ಕಡೆ ಬರೆದು, ಹಕ್ಕಿಯ ಪ್ರಾಣವನ್ನು ಬಿಟ್ಟುಬಿಟ್ಟರೆ ಅದು ಸುಳ್ಳು ಲೆಕ್ಕ. ಆದ್ದರಿಂದ ಸ್ನೇಹಿತರೇ, ಕಸೂತಿಯಾಗಲಿ, ಮರಗೆಲಸವಾಗಲಿ, ಯಾವ ಹುನರ್ ಕಲಿತರೂ ಸಾಮಗ್ರಿ ಎಲ್ಲಿಂದ ಬಂತೆಂದು ಮೊದಲು ಕೇಳೋಣ. ಉತ್ತರ ಸರಿಯಿಲ್ಲದಿದ್ದರೆ ಸಾಮಗ್ರಿ ಬದಲಿಸೋಣ, ಕಲಿಯುವುದನ್ನು ಬಿಡುವುದು ಬೇಡ.