ಕಾವೇರಿಯ ಮೀನಿಗೂ ದನಿ ಬೇಕು

ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಗಲ್ಲಿಗಳಲ್ಲಿ ಐಎಎಸ್ ಕನಸು ಹೊತ್ತ ಕನ್ನಡದ ಹುಡುಗ ಹುಡುಗಿಯರಿಗೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು ನಿತ್ಯದ ಕೆಲಸ. 2019ರ ಪ್ರಿಲಿಮ್ಸ್‌ನಲ್ಲಿ ತವರಿನ ನದಿಯ ಹೆಸರೂ ಇತ್ತು. 'ನೀಲಿ ರೆಕ್ಕೆಯ ಮಹಶೀರ್ – ಕಾವೇರಿ' ಎಂಬ ಜೋಡಿಯನ್ನು ಸರಿ ಎಂದು ಗುರುತಿಸಿದವರಿಗೆ ಅಂಕ. ಆದರೆ ಕಾವೇರಿಯ ದುಃಖ ಇರುವುದೇ ಆ ಉತ್ತರದಲ್ಲಿ.

ನೀಲಿ ರೆಕ್ಕೆಯ ಮಹಶೀರ್ ಕಾವೇರಿಗೆ ಹೊರಗಿನಿಂದ ಬಂದದ್ದು. 1970ರ ದಶಕದಿಂದೀಚೆಗೆ ಲೋನಾವಳದಲ್ಲಿ ಬೆಳೆಸಿದ ಮರಿಗಳನ್ನು ಸದುದ್ದೇಶದಿಂದಲೇ ಇಲ್ಲಿ ಬಿಡಲಾಯಿತು. ಈ ನದಿಯ ಸ್ವಂತ ಮೀನು ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್. ಆಳದ ಮಡು, ಬಂಡೆಗಳ ನಡುವಿನ ರಭಸದ ನೀರು ಅದರ ಮನೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಗಾಳಕ್ಕೆ ಸಿಕ್ಕ ಮಹಶೀರ್ 120 ಪೌಂಡ್ ತೂಗಿತ್ತು. ಇಂದು ಆ ಮೀನು ಕಾಣಸಿಗುವುದೇ ಅಪರೂಪ. ಅಣೆಕಟ್ಟೆಗಳು ಅದರ ದಾರಿ ಕಟ್ಟಿವೆ, ಮರಳುಗಾರಿಕೆ ನದಿಯ ತಳವನ್ನೇ ಕೆಡಿಸಿದೆ, ಸಿಡಿಮದ್ದು ಹಾಕಿ ಹಿಡಿಯುವವರು ಮಡುಗಳನ್ನು ಬರಿದು ಮಾಡಿದ್ದಾರೆ. ಉಳಿದ ಜಾಗವನ್ನು ಹೊರಗಿನ ಮೀನು ಆಕ್ರಮಿಸಿದೆ.

2018ರ ಫೆಬ್ರವರಿ 16ರಂದು ಇದೇ ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲು 284.75 ಟಿಎಂಸಿ ಎಂದು ತೀರ್ಪಿತ್ತಿತು. ಅದೇ ವರ್ಷ ಈ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಇತ್ಯರ್ಥವಾಗಿ, ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಯ ಅತ್ಯಂತ ಗಂಭೀರ ವರ್ಗಕ್ಕೆ ಅದು ಸೇರಿತು. ಟಿಎಂಸಿ ಲೆಕ್ಕವನ್ನು ಬಾಯಿಪಾಠ ಒಪ್ಪಿಸಬಲ್ಲವರು ಸಂಘಗಳಲ್ಲಿ ಬಹಳ ಮಂದಿ ಇದ್ದಾರೆ. ಮೀನಿನ ಹೆಸರು ಬಲ್ಲವರು ವಿರಳ.

ಕುಡಿಯಲು, ಬೆಳೆಗೆ ನೀರಿಲ್ಲದಿರುವಾಗ ಮೀನಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಿಡಿಮದ್ದು ತಡೆಯಲು, ಮರಳು ದೋಚುವುದನ್ನು ನಿಲ್ಲಿಸಲು, ಹೊರಗಿನ ಮರಿಗಳನ್ನು ಬಿಡದಿರಲು ರೈತರ ಒಂದು ಹನಿ ನೀರೂ ಬೇಕಿಲ್ಲ. ಪರಿಸರಕ್ಕೆಂದೇ 10 ಟಿಎಂಸಿ ಮೀಸಲಿಡಬೇಕೆಂದು ನ್ಯಾಯಮಂಡಳಿ 2007ರಲ್ಲೇ ಹೇಳಿದೆ. ಬೇಸಿಗೆಯಲ್ಲಿ ಮಡುಗಳು ಬತ್ತದಂತೆ ನೋಡಿಕೊಳ್ಳುವುದೂ ಆ ಮಾತಿಗೆ ಸಲ್ಲುವ ಗೌರವ.

ರಾಜಧಾನಿಯ ಕನ್ನಡ ಸಂಘಗಳು ರಾಜ್ಯೋತ್ಸವದ ಹಾಡು, ನೃತ್ಯಗಳ ಜೊತೆಗೆ ಒಂದು ಸಂಜೆಯನ್ನು ಕಾವೇರಿಯ ಜೀವಿಗಳಿಗೆ ಮೀಸಲಿಡಲಿ, ಅದನ್ನು ಓಲ್ಡ್ ರಾಜಿಂದರ್ ನಗರದಲ್ಲೇ ಏರ್ಪಡಿಸಲಿ. ಅಲ್ಲಿ ಓದುತ್ತಿರುವವರಲ್ಲಿ ಕೆಲವರಾದರೂ ನಾಳೆ ಜಿಲ್ಲಾಧಿಕಾರಿಗಳಾಗಿ, ಅರಣ್ಯಾಧಿಕಾರಿಗಳಾಗಿ ನದಿಗಳ ಹಣೆಬರಹ ಬರೆಯುವವರು. ಪರೀಕ್ಷೆಗೆ ನೀಲಿ ರೆಕ್ಕೆಯ ಉತ್ತರ ಸಾಕು. ಅಧಿಕಾರದ ಕುರ್ಚಿಯಲ್ಲಿ ಕೂತಾಗ ಕಿತ್ತಳೆ ರೆಕ್ಕೆಯದೂ ನೆನಪಿರಬೇಕು.