ಸೇವೆ ಯಾರಿಗೆ, ಸರ್ಟಿಫಿಕೇಟ್ ಯಾರಿಗೆ?

ಸೆಮಿಸ್ಟರ್ ಮುಗಿಸಿಕೊಂಡು ಮಗಳು ಮನೆಗೆ ಬಂದಿದ್ದಳು. ಊಟಕ್ಕೆ ಕೂತಾಗ "ಅಪ್ಪಾ, ನನ್ನ ಇಪ್ಪತ್ತು ಗಂಟೆ ಮುಗೀತು" ಅಂದಳು. ಏನಮ್ಮಾ ಅದು ಇಪ್ಪತ್ತು ಗಂಟೆ ಅಂತ ಕೇಳಿದ್ದಕ್ಕೆ ಬ್ಯಾಗಿನಿಂದ ಒಂದು ಹಾಳೆ ತೆಗೆದು ತೋರಿಸಿದಳು. ದಿನಾಂಕ, ಬಂದ ಹೊತ್ತು, ಹೋದ ಹೊತ್ತು, ಪಕ್ಕದಲ್ಲಿ ಯಾರದೋ ಸಹಿ. ಅವಳ ಒಂದು ಕೋರ್ಸಿನಲ್ಲಿ 'ಸರ್ವಿಸ್ ಲರ್ನಿಂಗ್' ಅಂತ ಒಂದು ಭಾಗ ಇದೆಯಂತೆ. ಊರಿನ ಫುಡ್ ಪ್ಯಾಂಟ್ರಿಯಲ್ಲಿ, ಅಂದ್ರೆ ಕೈಯಲ್ಲಿ ಕಾಸಿಲ್ಲದವರಿಗೆ ದಿನಸಿ ಹಂಚುವ ಜಾಗದಲ್ಲಿ, ವಾರಕ್ಕೆ ಎರಡು ಗಂಟೆಯಂತೆ ಹತ್ತು ವಾರ ಕೆಲಸ. ಆಮೇಲೆ ಅದರ ಬಗ್ಗೆ ಮೂರು ಪುಟದ ಪ್ರಬಂಧ.

ಪ್ರಬಂಧ ಓದಿದೆ. ಚೆನ್ನಾಗಿಯೇ ಇತ್ತು. ತನಗೆ ಸಿಕ್ಕಿರೋದರ ಬೆಲೆ ಈಗ ಗೊತ್ತಾಯ್ತು ಅಂತ ಕೊನೆಯಲ್ಲಿ ಬರೆದಿದ್ದಳು. ಮೂರು ಪುಟದಲ್ಲಿ 'ನಾನು' ಅನ್ನೋದು ಎಷ್ಟು ಸಲ ಬಂದಿದೆ ಅಂತ ಎಣಿಸಿ ಹೇಳಿದ್ರೆ ಜಗಳ ಆಗುತ್ತೆ ಅಂತ ಸುಮ್ಮನಾದೆ. "ಹಾಗಾದ್ರೆ ಇನ್ನು ಅಲ್ಲಿಗೆ ಹೋಗಲ್ವಾ?" ಅಂದೆ. "ಗಂಟೆ ಮುಗೀತಲ್ಲಪ್ಪಾ" ಅಂದಳು.

ಬೈಯೋಣ ಅನ್ನಿಸಿತು. ಆದ್ರೆ ಬೈಯೋ ಯೋಗ್ಯತೆ ನನಗಿಲ್ಲ. ಯಾಕೆ ಅಂತ ಹೇಳ್ತೀನಿ ಕೇಳಿ.

*

1990ರ ದಶಕದ ಶುರುವಿನಲ್ಲಿ ನಾನು ಕರ್ನಾಟಕದಲ್ಲಿ ಡಿಗ್ರಿ ಓದುತ್ತಿದ್ದಾಗ ಎನ್ನೆಸ್ಸೆಸ್ ಕ್ಯಾಂಪಿಗೆ ಹೋಗಿದ್ದೆ. ಹತ್ತು ದಿನ, ಒಂದು ಹಳ್ಳಿಯ ಶಾಲೆಯಲ್ಲಿ ವಾಸ. ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಯಾರಾದರೂ ದೊಡ್ಡವರ ಭಾಷಣ, ಸಂಜೆ ಅಕ್ಷರ ಕಲಿಸೋದು, ರಾತ್ರಿ ಹಾಡು, ನಾಟಕ. ಸಾಕ್ಷರತಾ ಆಂದೋಲನ ಜೋರಾಗಿದ್ದ ಕಾಲ ಅದು. ನನ್ನ ಪಾಲಿಗೆ ಬಂದವರು ಒಬ್ಬ ಅಜ್ಜಿ. ಅವರ ಹೆಸರಿನಲ್ಲಿ ನಾಲ್ಕು ಅಕ್ಷರ. ಹೆಬ್ಬೆಟ್ಟು ಒತ್ತೋದು ಬಿಟ್ಟು ಸಹಿ ಹಾಕಬೇಕು ಅನ್ನೋದು ಅವರ ಆಸೆ. ಸ್ಲೇಟು ಹಿಡಿಯೋದು ಅಭ್ಯಾಸ ಆಗೋಕೇ ನಾಲ್ಕು ದಿನ ಹಿಡೀತು. ಕ್ಯಾಂಪ್ ಮುಗಿಯೋ ಹೊತ್ತಿಗೆ ಎರಡು ಅಕ್ಷರ ಬರ್ತಿತ್ತು.

ಕೊನೇ ದಿನ ಲಾರಿ ಹತ್ತುವಾಗ ಅಜ್ಜಿ ಬಂದು "ನಾಳೀಕೂ ಬತ್ತೀಯೇನ್ ಮಗಾ? ಇನ್ನೆಲ್ಡು ಅಕ್ಷರ ಉಳ್ಕಂಡವೆ" ಅಂದರು. ಬರ್ತೀನಿ ಅಜ್ಜಿ ಅಂದೆ. ಹೋಗಲಿಲ್ಲ. ಮುಂದಿನ ವರ್ಷದ ಕ್ಯಾಂಪ್ ಬೇರೆ ಹಳ್ಳಿಯಲ್ಲಿ ಆಯ್ತು. ನನಗೆ ಸರ್ಟಿಫಿಕೇಟ್ ಬಂತು. ಅಮೆರಿಕದ ಯೂನಿವರ್ಸಿಟಿಗೆ ಅರ್ಜಿ ಹಾಕುವಾಗ ಅದೂ ಒಂದು ಸಾಲಾಗಿ ಉಪಯೋಗಕ್ಕೆ ಬಂತು.

ಎನ್ನೆಸ್ಸೆಸ್ ಕೆಟ್ಟದ್ದು ಅಂತ ಖಂಡಿತ ಹೇಳ್ತಿಲ್ಲ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಶುರುವಾದ ಯೋಜನೆ ಅದು. 'ನನಗಲ್ಲ, ನಿನಗೆ' ಅನ್ನೋದು ಅದರ ಧ್ಯೇಯವಾಕ್ಯ. ಹಳ್ಳಿಯನ್ನೇ ನೋಡದ ಎಷ್ಟೋ ಹುಡುಗರಿಗೆ ಹಳ್ಳಿ ತೋರಿಸಿದೆ. ನನ್ನ ತಕರಾರು ಇಷ್ಟೇ: ಎರಡು ವರ್ಷಕ್ಕೆ 240 ಗಂಟೆ ಅಂತ ನಮ್ಮ ಕಡೆಯ ಲೆಕ್ಕ ಪಕ್ಕಾ ಇತ್ತು. ಅಜ್ಜಿಗೆ ಉಳಿದ ಎರಡು ಅಕ್ಷರದ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ.

*

ಈ 'ಸರ್ವಿಸ್ ಲರ್ನಿಂಗ್' ಅನ್ನೋ ಪದ ಅಮೆರಿಕದಲ್ಲಿ ಹುಟ್ಟಿದ್ದು 1967ರ ಸುಮಾರಿಗೆ. ಅದನ್ನು ಬಳಕೆಗೆ ತಂದವರಲ್ಲಿ ಒಬ್ಬರಾದ ರಾಬರ್ಟ್ ಸಿಗ್ಮನ್ 1979ರಲ್ಲಿ ಅದಕ್ಕೆ ಮೂರು ಸೂತ್ರ ಬರೆದರು. ಸೇವೆಯ ಹಿಡಿತ ಸೇವೆ ಪಡೆಯುವವರ ಕೈಯಲ್ಲಿರಬೇಕು. ಪಡೆದವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಗಟ್ಟಿಯಾಗಬೇಕು. ಸೇವೆ ಮಾಡುವವರು ಕಲಿಯುವವರೂ ಆಗಿರಬೇಕು. ವಿದ್ಯಾರ್ಥಿಯ ಕಲಿಕೆ ಬರೋದು ಮೂರನೇ ಜಾಗದಲ್ಲಿ, ಗಮನಿಸಿ! ಈಗಿನ ಕೋರ್ಸುಗಳಲ್ಲಿ ಎಷ್ಟೋ ಕಡೆ ಅದೇ ಮೊದಲಾಗಿ, ಉಳಿದೆರಡು ಅಡಿಟಿಪ್ಪಣಿ ಆಗಿಬಿಟ್ಟಿವೆ.

ಇದಕ್ಕೂ ಮುಂಚೆ, 1968ರಲ್ಲಿ, ಚಿಂತಕ ಇವಾನ್ ಇಲಿಚ್ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಮುಂದೆ ನಿಂತು ಕಟುವಾಗಿ ಮಾತಾಡಿದ್ದರು. ನೋಡೋಕೆ ಬನ್ನಿ, ಕಲಿಯೋಕೆ ಬನ್ನಿ, ಆದರೆ ಉದ್ಧಾರ ಮಾಡ್ತೀವಿ ಅಂತ ಬರಬೇಡಿ ಅನ್ನೋದು ಅದರ ಸಾರಾಂಶ. ಕರೆಸಿದವರನ್ನೇ ಬೈದ ಆ ಭಾಷಣವನ್ನು ಈಗ ಇಂಥ ಕೋರ್ಸುಗಳಲ್ಲೇ ಓದಿಸ್ತಾರೆ ಅನ್ನೋದು ತಮಾಷೆ.

ಹಾಗಾದ್ರೆ ಇದು ಎಲ್ಲೂ ಸರಿಯಾಗಿ ನಡೆಯಲ್ವಾ? ನಡೆಯುತ್ತೆ. ಇಲ್ಲಿನ ತೆರಿಗೆ ಇಲಾಖೆಯ 'ವೀಟಾ' ಯೋಜನೆ ನೋಡಿ. ಕಡಿಮೆ ಆದಾಯದವರಿಗೆ ಟ್ಯಾಕ್ಸ್ ರಿಟರ್ನ್ ತುಂಬಿಕೊಡೋ ಕೆಲಸ, ಬಿಟ್ಟಿಯಾಗಿ. ಎಷ್ಟೋ ಕಾಲೇಜುಗಳಲ್ಲಿ ಅಕೌಂಟಿಂಗ್ ಓದುವ ಹುಡುಗ ಹುಡುಗಿಯರು ಈ ಕೆಲಸಕ್ಕೆ ಕೂರ್ತಾರೆ. ಆದರೆ ಉತ್ಸಾಹ ಇದೆ ಅಂತ ಹೋಗಿ ರಿಟರ್ನ್ ತುಂಬೋಕೆ ಆಗಲ್ಲ. ಮೊದಲು ಇಲಾಖೆಯ ಪರೀಕ್ಷೆ ಪಾಸಾಗಬೇಕು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಪರಿಶೀಲಿಸಬೇಕು. ಮಕ್ಕಳಿರುವ ಬಡ ಕುಟುಂಬಕ್ಕೆ ಸರಿಯಾದ ಕ್ರೆಡಿಟ್ ಸಿಕ್ಕರೆ ಸಾವಿರಾರು ಡಾಲರ್ ವಾಪಸ್ ಬರುತ್ತೆ. ತಪ್ಪಾದರೆ ಅವರಿಗೇ ಪೆಟ್ಟು. ಅಲ್ಲಿ ವಿದ್ಯಾರ್ಥಿ ಕಲಿತಿದ್ದಾನೋ ಇಲ್ಲವೋ ಅಂತ ತಿಳಿಯೋಕೆ ಪ್ರಬಂಧ ಬೇಕಿಲ್ಲ.

ಇನ್ನೊಂದು, ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಶುರುವಾದ 'ಎಪಿಕ್ಸ್'. ಇಂಜಿನಿಯರಿಂಗ್ ವಿದ್ಯಾರ್ಥಿಗಳು ಊರಿನ ಸಂಘಸಂಸ್ಥೆಗಳಿಗೆ ಬೇಕಾದ ಉಪಕರಣವನ್ನೋ ಸಾಫ್ಟ್‌ವೇರನ್ನೋ ಮಾಡಿಕೊಡ್ತಾರೆ. ಒಂದೇ ತಂಡದಲ್ಲಿ ಮೊದಲ ವರ್ಷದವರಿಂದ ಕೊನೇ ವರ್ಷದವರವರೆಗೂ ಇರ್ತಾರೆ. ಸೆಮಿಸ್ಟರ್ ಮುಗಿದರೂ ಪ್ರಾಜೆಕ್ಟ್ ಮುಗಿಯಲ್ಲ. ಹಳಬರು ಹೋಗುವಾಗ ಹೊಸಬರ ಕೈಗೆ ಕೊಟ್ಟು ಹೋಗ್ತಾರೆ. ಅಜ್ಜಿಯ ಉಳಿದೆರಡು ಅಕ್ಷರಕ್ಕೆ ಬೇಕಾಗಿದ್ದದ್ದು ಇಷ್ಟೇ.

*

ಮೊನ್ನೆ ತಂಗಿಯ ಮಗನ ಹತ್ತಿರ ಫೋನಿನಲ್ಲಿ ಮಾತಾಡ್ತಿದ್ದೆ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದ್ತಿದ್ದಾನೆ, ಕಾಲೇಜಿನ ಹೆಸರು ಬೇಡ. ಎಐಸಿಟಿಇ ನಿಯಮದಂತೆ ಡಿಗ್ರಿ ಮುಗಿಯೋದರೊಳಗೆ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು. "ಗಿಡ ನೆಟ್ವಿ ಮಾಮ" ಅಂದ. ಎಲ್ಲಿ ಅಂದೆ. "ಹೋದ ವರ್ಷ ಸೀನಿಯರ್ಸ್ ನೆಟ್ಟಿದ್ದ ಗುಂಡೀಲೇ" ಅಂದು ನಕ್ಕ. ನಾನೂ ನಕ್ಕೆ. ಫೋನಿಟ್ಟ ಮೇಲೆ ನಗು ಬರಲಿಲ್ಲ. ಗುಂಡಿ ಅದೇ, ಫೋಟೋ ಮಾತ್ರ ಹೊಸದು. ನೀರು ಹಾಕೋದಕ್ಕೂ ಪಾಯಿಂಟ್ ಇದ್ದಿದ್ರೆ ಇಷ್ಟು ಹೊತ್ತಿಗೆ ಅಲ್ಲಿ ನೆರಳಿರುತ್ತಿತ್ತು.

ಇದರಲ್ಲಿ ಹುಡುಗರ ತಪ್ಪಿಲ್ಲ. ಗಂಟೆ ಕೇಳಿದರೆ ಗಂಟೆ ಕೊಡ್ತಾರೆ, ಫೋಟೋ ಕೇಳಿದರೆ ಫೋಟೋ. 2014ರಲ್ಲಿ ಶುರುವಾದ ಉನ್ನತ ಭಾರತ ಅಭಿಯಾನದಲ್ಲಿ ಒಂದೊಂದು ಕಾಲೇಜು ಐದಾದರೂ ಹಳ್ಳಿಗಳನ್ನು ದತ್ತು ತಗೋಬೇಕು ಅಂತಿದೆ. ಒಳ್ಳೇದೇ. ಪ್ರತಿ ವರ್ಷ ಹಳ್ಳಿ ಬದಲಾಯಿಸದೆ ಒಂದೇ ಕಡೆ ನಿಂತರೆ ಏನಾದರೂ ಆದೀತು. ಆದರೆ ದತ್ತು ಅಂದಮೇಲೆ ಹಳ್ಳಿಯವರನ್ನೂ ಒಂದು ಮಾತು ಕೇಳಬೇಕಲ್ವಾ? ನಿಮಗೇನು ಬೇಕು ಅಂತ ಮೊದಲು, ಹೋದ ವರ್ಷದವರು ಮಾಡಿದ್ದು ಹೇಗಿತ್ತು ಅಂತ ಆಮೇಲೆ. ವಿದ್ಯಾರ್ಥಿಯ ಮಾರ್ಕ್ಸಿನಲ್ಲಿ ಒಂದು ಪಾಲು ಆ ಉತ್ತರದ ಮೇಲೆ ನಿಂತಿರಲಿ.

"ಹತ್ತೊಂಬತ್ತು ವರ್ಷದ ಮಕ್ಕಳು, ಹೋಗಿ ಕಣ್ಣಾರೆ ನೋಡಿ ಬಂದರೆ ಸಾಲದಾ?" ಅಂತ ನನ್ನ ಹೆಂಡತಿ ಕೇಳಿದಳು. ನೋಡೋದು ಒಳ್ಳೇದೇ. ಆದರೆ ನೋಡೋಕೆ ಹೋದವರು ನೋಡೋಕೆ ಬಂದಿದ್ದೀವಿ ಅಂತಲೇ ಹೇಳಲಿ. ಸೇವೆ ಅನ್ನೋ ದೊಡ್ಡ ಹೆಸರಿಟ್ಟಮೇಲೆ, ಎದುರಿಗಿರುವವರು ಕಾಯ್ತಾರೆ. ಹೋದ ಮೇಲೂ ಕಾಯ್ತಾರೆ.

ಮಗಳು ವಾಪಸ್ ಹೊರಡುವ ದಿನ ಕಾರಿನಲ್ಲಿ ಮತ್ತೆ ಕೇಳಿದೆ, ಅಲ್ಲಿ ಏನು ನೋಡಿದೆ ಅಂತ. ಯೋಚಿಸಿ ಹೇಳಿದಳು: "ಅಪ್ಪಾ, ಕೆಲವರು ಕಾರಲ್ಲೇ ಮಲಗ್ತಾರೆ. ಅವರ ಹತ್ರ ಕ್ಯಾನ್ ಓಪನರ್ ಇರಲ್ಲ. ಕೈಯಲ್ಲೇ ಎಳೆದು ತೆಗೆಯೋ ಮುಚ್ಚಳದ ಡಬ್ಬಿ ಕೊಟ್ಟರೆ ಮಾತ್ರ ತಿನ್ನೋಕಾಗುತ್ತೆ. ಅದಕ್ಕೇ ನಾನು ಅಂಥ ಡಬ್ಬಿಗಳನ್ನ ಬೇರೆ ಶೆಲ್ಫಿನಲ್ಲಿ ಜೋಡಿಸ್ತಿದ್ದೆ." ಇದನ್ಯಾಕೆ ಬರೀಲಿಲ್ಲ ಅಂದೆ. "ಆ ಅನುಭವದಿಂದ ನೀನು ಹೇಗೆ ಬದಲಾದೆ ಅಂತ ಬರೀ ಅಂದಿದ್ರು" ಅಂದಳು.

ನೋಡಿ, ಕಲಿತಿದ್ದಾಳೆ! ಪ್ರಶ್ನೆ ಸರಿಯಾಗಿದ್ದಿದ್ರೆ ಆ ಮೂರು ಪುಟ ಮುಂದಿನ ಸೆಮಿಸ್ಟರಿನಲ್ಲಿ ಬರುವ ಹುಡುಗಿಯ ಕೈಗೆ ಹೋಗುತ್ತಿತ್ತು. ಈಗ ಅದು ಪ್ರೊಫೆಸರರ ಕಂಪ್ಯೂಟರಿನಲ್ಲಿದೆ, ಡಬ್ಬಿಗಳು ಮತ್ತೆ ಕಲಸಿಹೋಗಿರುತ್ತವೆ. "ಅಲ್ಲಿಯವರಿಗೆ ಒಂದು ಪುಟ ಬರೆದು ಕಳಿಸು, ಮಾರ್ಕ್ಸ್ ಬರದಿದ್ರೂ ಪರವಾಗಿಲ್ಲ" ಅಂದೆ. "ನೋಡ್ತೀನಿ" ಅಂದಳು. ಕಳಿಸಿದಳೋ ಇಲ್ಲವೋ ಇನ್ನೂ ಕೇಳಿಲ್ಲ.

ನನ್ನ ಎನ್ನೆಸ್ಸೆಸ್ ಸರ್ಟಿಫಿಕೇಟ್ ಈಗಲೂ ಫೈಲಿನಲ್ಲಿದೆ. ಅದರಲ್ಲಿ ನನ್ನ ಹೆಸರು ಪೂರ್ತಿ ಇದೆ.

ನೀವೂ ಇಂಥ ಕ್ಯಾಂಪಿಗೆ ಹೋಗಿರ್ತೀರಿ. ಆ ಹಳ್ಳಿಗೆ ಮತ್ತೊಂದು ಸಲ ಹೋಗಿದ್ರಾ?