ಹೊತ್ತವನನ್ನು ಕೊಲ್ಲದ ಮದ್ದು

ಬಂಗಾರಪೇಟೆಯಿಂದ ಕುಪ್ಪಂ ಕಡೆಗೆ ಹೊರಟ ರೈಲು ಹಾದುಹೋಗುವ ಸಣ್ಣ ಊರು ಕಾಮಸಮುದ್ರ. ಆ ಹೋಬಳಿಯ ಅಂಚಿನ ಹಳ್ಳಿಗಳಲ್ಲಿ ರಾಗಿ ತೆನೆಗಟ್ಟಿತೆಂದರೆ ರೈತನ ನಿದ್ದೆ ಹಾರಿತೆಂದೇ ಅರ್ಥ. ಗಡಿಯಾಚೆಯ ಕಾಡಿನಿಂದ ಆನೆಗಳು ಬರುತ್ತವೆ. ಅವನ್ನು ಅಟ್ಟಲು ಪಟಾಕಿ ಹಚ್ಚುತ್ತಾರೆ. ಸಿಡಿದ ಪಟಾಕಿಗೆ ಆನೆ ಹೆದರುತ್ತದೆ. ಸಿಡಿಯದ ಪಟಾಕಿಗೆ ಮನುಷ್ಯನೇ ಹೆದರಬೇಕು. ಬತ್ತಿ ಉರಿದು ಮುಗಿದ ಮೇಲೂ ಸುಮ್ಮನೆ ಬಿದ್ದಿರುವ ಆ ಕಾಗದದ ಉಂಡೆ ಸತ್ತಿದೆಯೋ, ಹೊಂಚು ಹಾಕಿದೆಯೋ, ಬಲ್ಲವರಾರು? ದೀಪಾವಳಿಯಂದು ಮಗುವಿನ ತೋಳು ಹಿಡಿದು ಹಿಂದಕ್ಕೆಳೆಯುವ ತಾಯಿಗೂ ಈ ಭಯ ಅಪರಿಚಿತವಲ್ಲ.

ಸಮೀಪದ ಕೋಲಾರದ ಚಿನ್ನದ ಗಣಿಯಲ್ಲಿ ಇದೇ ಭಯ ನೂರಿಪ್ಪತ್ತು ವರ್ಷ ಕಾಲ ಕೆಲಸಗಾರನ ನಿತ್ಯದ ಸಂಗಾತಿಯಾಗಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು; 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈ ನಡುವೆ ಚಾಂಪಿಯನ್ ರೀಫಿನ ಆಳ ಮೂರು ಕಿಲೋಮೀಟರನ್ನೂ ಮೀರಿತು. ಬಂಡೆಯನ್ನು ಕೊರೆದು, ಕುಳಿಗೆ ಮದ್ದು ತುಂಬಿ, ಸಿಡಿಸಿ ಮುಂದುವರಿಯುವುದೇ ಅಲ್ಲಿನ ದಾರಿ. ಒಂದು ಕುಳಿಯ ಮದ್ದು ಸಿಡಿಯದೆ ಉಳಿಯಿತೆನ್ನಿ. ಮುಂದಿನ ಪಾಳಿಯವನು ಅರಿಯದೆ ಅಲ್ಲಿಯೇ ಕೊರೆದರೆ ಅವನ ಮನೆಯ ದೀಪ ಆರಿತು. ಆದುದರಿಂದಲೇ ಗಣಿಗಳಲ್ಲಿ ಕಟ್ಟಳೆಗಳು ಬೆಳೆದವು: ಹಳೆಯ ಕುಳಿಯ ಬುಡದಲ್ಲಿ ಮತ್ತೆ ಕೊರೆಯಕೂಡದು; ಮದ್ದನ್ನು ಮರದ ಕೋಲಿನಿಂದಲ್ಲದೆ ಕಬ್ಬಿಣದಿಂದ ಒತ್ತಕೂಡದು; ಮದ್ದನ್ನೂ, ಅದನ್ನು ಕೆಣಕುವ ಡಿಟೋನೇಟರನ್ನೂ ಒಂದೇ ಪೆಟ್ಟಿಗೆಯಲ್ಲಿ ಒಯ್ಯಕೂಡದು.

ಕಟ್ಟಳೆಯೊಂದೇ ಸಾಲದು, ಮದ್ದಿನ ಸ್ವಭಾವವನ್ನೇ ತಿದ್ದಬೇಕೆಂದು ಹೊರಟವರೂ ಇದ್ದರು. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ವಿಲಿಯಂ ಬಿಕ್‌ಫರ್ಡ್ ಎಂಬ ಚರ್ಮದ ವ್ಯಾಪಾರಿಯಿದ್ದ. ತನ್ನೂರಿನ ಗಣಿಗಾರರು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದ ಮದ್ದಿಗೆ ಬಲಿಯಾಗುವುದನ್ನು ನೋಡಿ ಮರುಗಿದ ಆತ 1831ರಲ್ಲಿ, ನೂಲಿನ ಹುರಿಯೊಳಗೆ ಮದ್ದನ್ನು ಹೊಸೆದು, ಒಂದೇ ವೇಗದಲ್ಲಿ ಉರಿಯುವ ಬತ್ತಿಯನ್ನು ತಯಾರಿಸಿದ. ಬತ್ತಿಯ ಉದ್ದ ತಿಳಿದರೆ ಓಡಲು ಎಷ್ಟು ಹೊತ್ತಿದೆಯೆಂಬುದೂ ತಿಳಿಯಿತು. ಮುಂದೆ ಅದೇ ಕಾರ್ನ್‌ವಾಲಿನ ಗಣಿಗಾರರು ಕೋಲಾರದ ಗಣಿಗೂ ಬಂದು ನೆಲೆಸಿದರು.

ಆಲ್ಫ್ರೆಡ್ ನೊಬೆಲನ ಕಥೆ ಇನ್ನೂ ಕರುಣಾಜನಕ. 1864ರಲ್ಲಿ ಸ್ಟಾಕ್‌ಹೋಮಿನ ಅವರ ಕಾರ್ಖಾನೆಯಲ್ಲಿ ನೈಟ್ರೋಗ್ಲಿಸರಿನ್ ಸಿಡಿದು ತಮ್ಮ ಎಮಿಲ್ ತೀರಿಕೊಂಡ. ತುಸು ಅಲುಗಾಟಕ್ಕೂ ಮುನಿಯುವ ಆ ದ್ರವವನ್ನು ನೊಬೆಲ್ ಸರಂಧ್ರವಾದ ಒಂದು ಬಗೆಯ ಮಣ್ಣಿಗೆ ಕುಡಿಸಿದ. 1867ರಲ್ಲಿ ಡೈನಮೈಟಿಗೆ ಹಕ್ಕು ಪಡೆದ. ಅದು ಸಾಗಣೆಗೆ ಎಷ್ಟೋ ಸೌಮ್ಯ. ಡಿಟೋನೇಟರ್ ಕೆಣಕಿದಾಗ ಮಾತ್ರ ರುದ್ರ. ಬಲವೇ ಬೇರೆ, ಮುಂಗೋಪವೇ ಬೇರೆ. ಎರಡನ್ನೂ ಅಗಲಿಸಬಹುದೆಂಬುದೇ ಅದು ಕಲಿಸಿದ ಪಾಠ.

ಗಣಿಯ ಈ ಪಾಠ ಸೈನ್ಯಕ್ಕೆ ಇನ್ನೂ ಹೆಚ್ಚು ಬೇಕು. ಗಣಿಯ ಮದ್ದು ಬಂದಷ್ಟೂ ಬೇಗ ಖರ್ಚಾಗುತ್ತದೆ; ಸೈನ್ಯದ ಮದ್ದು ವರ್ಷಗಟ್ಟಲೆ ಉಗ್ರಾಣದಲ್ಲಿ ಕಾದಿರುತ್ತದೆ, ಹಡಗು ಹತ್ತುತ್ತದೆ, ಲಾರಿಯಲ್ಲಿ ಕುಲುಕುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕವಿತ್ತು. ಜೊತೆಗೆ ಹತ್ತಿಯ ಅಂಡಿಗೆಗಳು, ಚಿನ್ನದ ಗಟ್ಟಿಗಳು. ಆ ದಿನ ಶತ್ರುವಿನ ವಿಮಾನವೊಂದೂ ಬಾರದೆಯೇ ನೂರಾರು ಜನ ಸತ್ತರು. ಬೆಂಕಿ ಆರಿಸಹೋದ 66 ಅಗ್ನಿಶಾಮಕರೂ ಅವರಲ್ಲಿದ್ದರು. ಪ್ರತಿವರ್ಷ ಏಪ್ರಿಲ್ 14ರಿಂದ ದೇಶದಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು ಅವರ ನೆನಪಿಗಾಗಿ.

1967ರ ಜುಲೈ 29ರಂದು ಅಮೆರಿಕದ ಫಾರೆಸ್ಟಲ್ ಎಂಬ ವಿಮಾನವಾಹಕ ಹಡಗಿನಲ್ಲಿ ರಾಕೆಟ್ಟೊಂದು ತಾನಾಗಿ ಹಾರಿತು. ಹೊತ್ತಿಕೊಂಡ ಎಣ್ಣೆಯ ನಡುವೆ ಹಳೆಯ ಬಾಂಬೊಂದು ಸುಮಾರು ಒಂದೂವರೆ ನಿಮಿಷದಲ್ಲೇ ಸಿಡಿಯಿತು. 134 ಮಂದಿ ಮಡಿದರು. ಇಂಥ ದುರಂತಗಳಿಂದಲೇ ‘ಸಹನೆಯುಳ್ಳ ಮದ್ದಿ’ನ ಅನ್ವೇಷಣೆ ಬಿರುಸಾಯಿತು.

ಮದ್ದಿಗೆ ಸಹನೆ ಕಲಿಸುವುದು ಹೇಗೆ? ಆರ್.ಡಿ.ಎಕ್ಸ್‌ನಂಥ ಉಗ್ರ ಮದ್ದಿನ ಹರಳುಗಳನ್ನು ರಬ್ಬರಿನಂಥ ಮೆತ್ತನೆಯ ವಸ್ತುವಿನಲ್ಲಿ ಹುದುಗಿಸುತ್ತಾರೆ; ಪೆಟ್ಟು ಬಿದ್ದರೆ ಆ ಮೆತ್ತೆ ಹೀರಿಕೊಳ್ಳುತ್ತದೆ. ಟಿ.ಎ.ಟಿ.ಬಿ. ಎಂಬ ಇನ್ನೊಂದು ಮದ್ದಂತೂ ಪೆಟ್ಟಿಗೂ ಬೆಂಕಿಗೂ ಸುಲಭವಾಗಿ ಜಗ್ಗದು. ಫಿರಂಗಿ ಗುಂಡಿನ ಮೂತಿಯಲ್ಲಿ ಡಿಟೋನೇಟರಿಗೂ ಮದ್ದಿಗೂ ನಡುವೆ ಒಂದು ತಡೆಯಿರುತ್ತದೆ. ಫಿರಂಗಿಯಿಂದ ಚಿಮ್ಮುವ ರಭಸ, ಸುತ್ತುವ ವೇಗ ಎರಡೂ ಕೂಡಿದ ಮೇಲೆಯೇ ಅದು ಸರಿಯುತ್ತದೆ. ಅಡಿಗೆಮನೆಯಲ್ಲಿ ಸೀಮೆಎಣ್ಣೆಯನ್ನೂ ಬೆಂಕಿಪೊಟ್ಟಣವನ್ನೂ ದೂರ ದೂರ ಇಟ್ಟ ಅಜ್ಜಿಯ ವಿವೇಕವೇ ಇದು. ಬಳಿಕ ಪರೀಕ್ಷೆ: ಎಣ್ಣೆಯ ಬೆಂಕಿಯಲ್ಲಿ ಬೇಯಿಸುವುದು, ನಿಧಾನವಾಗಿ ಕಾಯಿಸುವುದು, ಗುಂಡು ಹೊಡೆಯುವುದು, ಪಕ್ಕದಲ್ಲೇ ಇನ್ನೊಂದನ್ನು ಸಿಡಿಸುವುದು. ಹೊತ್ತಿ ಉರಿದರೂ ಸರಿ, ಸಿಡಿಯಕೂಡದು. ನಮ್ಮ ದೇಶದಲ್ಲಿ ಪುಣೆಯ ರಕ್ಷಣಾ ಪ್ರಯೋಗಾಲಯವೊಂದು ಇದೇ ಸಾಧನೆಯಲ್ಲಿ ತೊಡಗಿದೆ.

ಇಂಥ ಮದ್ದಿಗೆ ಬೆಲೆ ಹೆಚ್ಚು; ಹಳೆಯದನ್ನೆಲ್ಲ ಒಮ್ಮೆಗೇ ಬದಲಿಸುವುದು ಯಾವ ಸರಕಾರಕ್ಕೂ ಸುಲಭವಲ್ಲ. 2016ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಪುಲಗಾಂವ್ ಉಗ್ರಾಣದಲ್ಲಿ ಬೆಂಕಿ ಎದ್ದಾಗ ಸತ್ತವರು ಅದನ್ನು ಕಾಯುತ್ತಿದ್ದವರೇ. ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದ ಮದ್ದು ಶತ್ರುವನ್ನು ಮುಟ್ಟುವುದಿಲ್ಲ. ಹೊತ್ತವನನ್ನು, ಕಾದವನನ್ನು, ಆರಿಸಲು ಓಡಿಬಂದವನನ್ನು ಕೊಲ್ಲುತ್ತದೆ. ಸಹನೆಯ ಮದ್ದಿಗೆ ತೆರುವ ಹೆಚ್ಚಿನ ಹಣ ಅವರ ಮನೆಯ ದೀಪಕ್ಕೆ ಎರೆದ ಎಣ್ಣೆ.